ನೀರುಗಂಟಿಯ ಫೋನಿಗೆ ಮುಯ್ಯಾಳು

ನಾನು ಕಳಿಸಿದ ದೂರನ್ನು ತಂತ್ರಾಂಶ ನಡೆಸುವವರು ಮೂರು ಸಲ ಮುಚ್ಚಿದರು. ಮೊದಲನೇ ಸಲ ಕಾರಣ ಕೊಟ್ಟರು, ಎರಡನೇ ಸಲ ಥ್ಯಾಂಕ್ಸ್ ಹೇಳಿದರು, ಮೂರನೇ ಸಲ ಒಂದೇ ಸಾಲು ಒಗೆದು ಮುಚ್ಚಿದರು. ಆ ಹೊತ್ತಿನಲ್ಲಿ ನಾನು ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಎದುರಿಗಿರುವ ನನ್ನ ಅಂಗಡಿಯಲ್ಲಿ ಯಾರದೋ ಪಹಣಿಯ ಜೆರಾಕ್ಸ್ ತೆಗೆಯುತ್ತಿದ್ದೆ. ಕಂಪ್ಯೂಟರಿನ ಪರದೆಯ ಮೇಲೆ 'ಇದನ್ನು ಸರಿಪಡಿಸುವುದಿಲ್ಲ' ಎಂಬ ಇಂಗ್ಲಿಷ್ ಸಾಲು ಕಂಡದ್ದೇ ಮೈಯೆಲ್ಲ ಉರಿದುಹೋಯಿತು. ಸರಿಪಡಿಸುವುದಿಲ್ಲ ಅನ್ನುವುದಕ್ಕೆ ಇವರು ಯಾರು? ನಮ್ಮೂರ ನೀರು ಇವರ ಮರ್ಜಿಗೆ ಬಿದ್ದಿದೆಯೇ?

ನೀರು ಎಂದದ್ದು ಬಾಯಿತಪ್ಪಿ ಅಲ್ಲ. ಸಿಂಧಘಟ್ಟದ ಮಗ್ಗುಲಲ್ಲಿ ನಮ್ಮೂರು. ಊರ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವವರು ನೀರುಗಂಟಿ. ಯಾವ ಗದ್ದೆಗೆ ಯಾವ ದಿನ, ಯಾವ ಹೊತ್ತು ಎಂದು ಸರದಿ ಹಾಕುವುದು, ಸರದಿ ಮೀರಿ ಕಾಲುವೆ ಒಡೆದುಕೊಂಡವರನ್ನು ಎಲ್ಲರೆದುರೇ ಬೈಯುವುದು ಅವರ ಕೆಲಸ. ಅವರ ಅಪ್ಪನದೂ ಇದೇ ಕೆಲಸ, ಅಪ್ಪನ ಅಪ್ಪನದೂ ಇದೇ. ಈಗಿರುವ ನೀರುಗಂಟಿ ತಾತನಿಗೆ ಎಪ್ಪತ್ತರ ಮೇಲಾಗಿದೆ, ಎರಡೂ ಮಂಡಿ ಸವೆದಿವೆ. ಮೊದಲು ಮನೆಮನೆಗೆ ನಡೆದು ಸರದಿ ಸಾರುತ್ತಿದ್ದರು. ನಡೆಯಲು ಆಗದೇ ಹೋದಾಗ ಊರಿನವರು ಮೊಬೈಲಿನಲ್ಲಿ ಒಂದು ಮೆಸೇಜು ಗುಂಪು ಮಾಡಿದರು. ಅಲ್ಲಿಂದ ಶುರುವಾಯಿತು ರಾಮಾಯಣ. ತಾತ ಒಂದು ಪಟ್ಟಿ ಹಾಕಿದರೆ, ಮೇಲುಗದ್ದೆಯ ಯಜಮಾನರು ಅದರ ಕೆಳಗೇ ಇನ್ನೊಂದು ಪಟ್ಟಿ ಹಾಕಿ, "ಇದೇ ಕರೆಕ್ಟು" ಎನ್ನುತ್ತಿದ್ದರು. ಯಾವುದು ನಿಜವೆಂದು ವಿಚಾರಿಸುವಷ್ಟರಲ್ಲಿ ನೀರು ಮೇಲುಗದ್ದೆಯಲ್ಲೇ ನಿಂತಿರುತ್ತಿತ್ತು. ಕಾಲುವೆಯ ತುದಿಯಲ್ಲಿರುವ ಕಡೇಗದ್ದೆಯವರು ಒಣ ಕಾಲುವೆ ನೋಡಿಕೊಂಡು ಮನೆಗೆ ಬರುತ್ತಿದ್ದರು.

ಅದಕ್ಕೇ ನಾನು ತಾತನಿಗೆ ಒಂದು ವೆಬ್‌ಸೈಟ್ ಮಾಡಿಕೊಟ್ಟೆ. ಅದರಲ್ಲಿ ಇರುವುದು ಒಂದೇ ಪುಟ, ಆ ಪುಟದಲ್ಲಿ ಒಂದೇ ಪಟ್ಟಿ. ತಾತ ತಮ್ಮ ಫೋನಿನಲ್ಲಿ ಒತ್ತಿದರೆ ಪಟ್ಟಿ ಬದಲಾಗುತ್ತದೆ. ಮಿಕ್ಕವರು ನೋಡಬಹುದು ಅಷ್ಟೇ, ಕೈಯಾಡಿಸುವಂತಿಲ್ಲ. ಒಂದು ವರ್ಷ ಕಡೇಗದ್ದೆಗೂ ನೀರು ಹರಿಯಿತು. ತಾತ ಆ ಫೋನನ್ನು, ಹಿಂದಿನ ಮುಚ್ಚಳ ಬೀಳದ ಹಾಗೆ ರಬ್ಬರ್ ಬ್ಯಾಂಡ್ ಹಾಕಿ, ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದರು.

ಆ ಪುಟ ಕಟ್ಟಿದ್ದು ಯಾರು ಬೇಕಾದರೂ ಬಳಸಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ತಂತ್ರಾಂಶದಲ್ಲಿ. ಜಗತ್ತಿನ ಎಲ್ಲೆಲ್ಲಿನವರೋ ಸಂಬಳವಿಲ್ಲದೆ ಕೂತು ಅದನ್ನು ಕಟ್ಟುತ್ತಾರೆ. ಅದಕ್ಕೆ ಸಿಕ್ಕಿಸಿಕೊಳ್ಳುವ ಸಣ್ಣ ಸಣ್ಣ ಉಪಕರಣಗಳಿವೆ, ಪ್ಲಗಿನ್ ಎನ್ನುತ್ತಾರೆ. ತಾತನ ಪಟ್ಟಿಯನ್ನು ತೋರಿಸುತ್ತಿದ್ದದ್ದು ಅಂಥ ಒಂದು ಪ್ಲಗಿನ್. ಇನ್ನು ನಾಲ್ಕು ತಿಂಗಳಿಗೆ ಅದರ ಹೊಸ ಆವೃತ್ತಿ ಬರಲಿತ್ತು. ಬಂದರೆ ನಮ್ಮ ಸೈಟಿಗೂ ತಾನೇ ತಾನಾಗಿ ಬಂದು ಕೂರುತ್ತದೆ, ಸೈಟಿಗೆ ಬಿಟ್ಟಿ ಜಾಗ ಕೊಟ್ಟವರ ನಿಯಮ ಅದು, ಬೇಡವೆನ್ನಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಅದನ್ನು ಮೊದಲೇ ತಂದು ತಾತನ ಫೋನಿನಲ್ಲಿ ತೆರೆದು ನೋಡಿದೆ. ಪಟ್ಟಿ ಇರಬೇಕಾದ ಜಾಗ ಒಗೆದು ಹರವಿದ ಪಂಚೆಯ ಹಾಗೆ ಬೆಳ್ಳಗಿತ್ತು. ಹಳೆಯ ಫೋನುಗಳನ್ನು ಕೈಬಿಟ್ಟಿದ್ದರು.

ದೂರು ಕೊಟ್ಟೆ, ಮುಚ್ಚಿದರು. ತಿದ್ದುಪಡಿ ನೀವೇ ಬರೆದು ಕಳಿಸಿ ಅಂದರು. ನಾಗಮಂಗಲದ ಕಂಪ್ಯೂಟರ್ ಸೆಂಟರಿನಲ್ಲಿ ಆರು ತಿಂಗಳು ಕಲಿತದ್ದನ್ನೆಲ್ಲ ನೆನಪಿಗೆ ತಂದುಕೊಂಡು ಬರೆದು ಕಳಿಸಿದೆ. ಪರೀಕ್ಷೆಯಲ್ಲಿ ಪಾಸಾಗಲಿಲ್ಲ ಎಂದು ಅದನ್ನೂ ಮುಚ್ಚಿದರು. ಎಲ್ಲಿ ತಪ್ಪಾಯಿತು ಹೇಳಿ ಎಂದು ಮತ್ತೆ ಬರೆದದ್ದೇ ಆ ಮೂರನೆಯದು.

ನನಗೆ ಅಷ್ಟು ಉರಿಯಲು ಇನ್ನೂ ಒಂದು ಕಾರಣವಿತ್ತು. ಅದೇ ಪ್ಲಗಿನ್ನಿನ ಪ್ರತಿಯೊಂದು ಗುಂಡಿ, ಪ್ರತಿಯೊಂದು ಸೂಚನೆಯನ್ನು ಕನ್ನಡಕ್ಕೆ ತಂದವಳು ನಾನು. ನಾಲ್ಕು ವರ್ಷದಿಂದ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲೆಲ್ಲ ಕೂತು ಮಾಡಿದ ಕೆಲಸ. ಯಾರೂ ಕೇಳಿರಲಿಲ್ಲ, ನಿಜ. ಆದರೆ ನಾನು ಅದನ್ನು ಪುಣ್ಯಕ್ಕೆ ಮಾಡಿದ್ದಲ್ಲ, ಮುಯ್ಯಾಳಿನ ಲೆಕ್ಕದಲ್ಲಿ ಮಾಡಿದ್ದು.

ನನ್ನ ತವರು ಹೇಮಗಿರಿ ಕಡೆ, ಹೊಳೆಯ ಪಕ್ಕದ ಊರು. ನಾಟಿಯ ಕಾಲದಲ್ಲಿ ನಮ್ಮವ್ವ ಪಕ್ಕದ ಮನೆಯವರ ಗದ್ದೆಗೆ ಒಂದು ದಿನ ಹೋದರೆ, ಅವರು ನಮ್ಮ ಗದ್ದೆಗೆ ಒಂದು ದಿನ ಬರಬೇಕು. ಕೂಲಿ ಇಲ್ಲ, ಬರೆದಿಡುವುದೂ ಇಲ್ಲ. ಇದು ಮುಯ್ಯಾಳು. ಇದಕ್ಕೆ ಇರುವ ಕಟ್ಟಳೆ ಎರಡೇ: ಯಾರ ಗದ್ದೆಯೋ ಅವರ ಮನೆಯದೇ ಊಟ, ಉಂಡ ಮೇಲೆ ಗದ್ದೆಯ ಕೊನೆಯ ತುಂಡು, ಅಂದರೆ ಕೊನೆಯ ತಾಕು ಮುಗಿಯದೆ ಯಾರೂ ಏಳುವಂತಿಲ್ಲ. ನಮ್ಮ ಬೀದಿಯಲ್ಲಿ ಒಬ್ಬಾಕೆ ಯಾವಾಗಲೋ ಒಮ್ಮೆ ಉಂಡು, ಸೊಂಟನೋವೆಂದು ಒಂದು ತಾಕು ಉಳಿದಿರುವಾಗಲೇ ಮನೆಗೆ ಹೋಗಿದ್ದಳಂತೆ. ನಾನು ಹುಟ್ಟುವುದಕ್ಕೆ ಮುಂಚಿನ ಮಾತು. ನಾನು ಮದುವೆಯಾಗಿ ಬರುವಾಗಲೂ ಊರಿನಲ್ಲಿ ಅವಳನ್ನು 'ಉಂಡೆದ್ದೋದೋಳು' ಎಂದೇ ಕರೆಯುತ್ತಿದ್ದರು.

ಹೀಗಿರುವಾಗ ಅದೇ ತಂತ್ರಾಂಶದ ಸಮುದಾಯದವರ ಸಮ್ಮೇಳನ ನಡೆಯುತ್ತದೆಂಬ ಸುದ್ದಿ ಬಂತು. ಅದೂ ಶ್ರೀರಂಗಪಟ್ಟಣದಲ್ಲಿ. ದೊಡ್ಡ ಊರು ಬೇಡ, ಈ ಸಲ ನಮ್ಮ ಕಡೆ ಮಾಡಿ ಎಂದು ಪಾಂಡವಪುರದ ಕಾಲೇಜಿನಲ್ಲಿ ಪಾಠ ಹೇಳುವ ಒಬ್ಬ ಹೆಣ್ಣುಮಗಳು ಹಟ ಹಿಡಿದು ಮಾಡಿಸಿದ್ದಳು. ಎರಡು ದಿನದ ಸಮ್ಮೇಳನ. ಮೊದಲ ದಿನ ಭಾಷಣಗಳು, ಎರಡನೇ ದಿನ ಎಲ್ಲರೂ ಒಟ್ಟಿಗೆ ಕೂತು ಕೆಲಸ ಮಾಡುವುದು. ಆ ಪ್ಲಗಿನ್ ನಡೆಸುವವರೂ ಪುಣೆಯಿಂದ ಬರುತ್ತಾರೆಂದು ಪಟ್ಟಿಯಲ್ಲಿತ್ತು. ಕನ್ನಡದ ಕೆಲಸ ಮಾಡಿದವಳೆಂದು ನನಗೂ ಐದು ನಿಮಿಷದ ಮಾತು ಕೊಟ್ಟಿದ್ದರು. ಅಂಗಡಿಯ ಬಾಗಿಲೆಳೆದು ಹೊರಟೆ.

ಸಮ್ಮೇಳನ ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ. ವೇದಿಕೆಯ ಮೇಲೆ ಗಂಡುಹೆಣ್ಣು ಕೂರುವ ಎರಡು ಬಂಗಾರ ಬಣ್ಣದ ಕುರ್ಚಿಗಳನ್ನು ಹಿಂದಕ್ಕೆ ತಳ್ಳಿ, ಬಟ್ಟೆ ಮುಚ್ಚಿ, ಮುಂದೆ ಬ್ಯಾನರ್ ಕಟ್ಟಿದ್ದರು. ಊಟದ ಹಾಲಿನ ಕಿಟಕಿಯಿಂದ ಕರಿಘಟ್ಟ ಕಾಣುತ್ತಿತ್ತು. ಬಂದವರಿಗೆಲ್ಲ ಕೊರಳಿಗೆ ಕಾರ್ಡು, ಕೈಗೊಂದು ಚೀಲ, ಚೀಲದ ತುಂಬ ಸ್ಟಿಕ್ಕರು. ಭಾಷಣ ಮಾಡಿದವರೆಲ್ಲ 'ಸಮುದಾಯ' ಅಂದರು. ಸಮುದಾಯವೇ ನಮ್ಮ ಶಕ್ತಿ, ಸಮುದಾಯವೇ ನಮ್ಮ ಮನೆ. ಕೇಳುತ್ತಾ ಕೂತಿದ್ದ ನನಗೆ ನಗು ಬರುತ್ತಿತ್ತು, ಜೊತೆಗೆ ಸಿಟ್ಟೂ ಬರುತ್ತಿತ್ತು. ಮನೆ ಅಂದಮೇಲೆ ಬಾಗಿಲು ತಟ್ಟಿದವರಿಗೆ ಮೂರು ಸಲ ಬಾಗಿಲು ಹಾಕುತ್ತಾರೆಯೇ?

ಕಾಫಿಯ ಬಿಡುವಿನಲ್ಲಿ ಪುಣೆಯವರನ್ನು ಹಿಡಿದೆ. ಗಡ್ಡ ಬಿಟ್ಟಿದ್ದ, ಮೂವತ್ತೈದರ ಆಸುಪಾಸಿನ ಮನುಷ್ಯ. ನನ್ನ ಇಂಗ್ಲಿಷು ಸೊಟ್ಟ, ಸಿಟ್ಟು ಬಂದಾಗ ಮಾತ್ರ ನೆಟ್ಟಗಾಗುತ್ತದೆ. ತಾತನ ಪಟ್ಟಿಯ ಕಥೆಯನ್ನೆಲ್ಲ ಹೇಳಿದೆ. ಅವರು ತಾಳ್ಮೆಯಿಂದಲೇ ಕೇಳಿದರು. ಆಮೇಲೆ, ಅಂಥ ಫೋನು ಬಳಸುವವರು ಬೆರಳೆಣಿಕೆಯಷ್ಟು ಜನ, ಅವರಿಗೋಸ್ಕರ ಹಳೆಯದನ್ನೆಲ್ಲ ಹೊತ್ತುಕೊಂಡು ಹೋಗಲು ನಮ್ಮಲ್ಲಿ ಜನ ಸಾಲದು, ನಾನೂ ಆಫೀಸು ಮುಗಿಸಿ ಬಂದು ಬಿಟ್ಟಿ ಮಾಡುತ್ತಿರುವ ಕೆಲಸ ಇದು ಎಂದರು. ಅದು ನಿಜವಿರಬೇಕು, ಕಣ್ಣ ಕೆಳಗೆ ಕಪ್ಪಾಗಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ನಾನೂ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಕೊನೆಗೆ, "ಅವರಿಗೊಂದು ಹೊಸ ಫೋನು ಕೊಡಿಸಿಬಿಡಿ" ಎಂದರು.

"ಕೊಡಿಸ್ತೀನಿ. ಇನ್ನೆರಡು ವರ್ಷಕ್ಕೆ ಅದನ್ನೂ ನೀವು ಹಳೇದು ಅಂತೀರಿ, ಆಗ ಏನು ಮಾಡಲಿ? ತಾತನಿಗೊಂದು ಕೊಡಿಸಿದರೆ ಕಡೇಗದ್ದೆಯವರಿಗೆಲ್ಲ ಯಾರು ಕೊಡಿಸ್ತಾರೆ? ನೀವು ಬೆರಳೆಣಿಕೆ ಅಂದಿರಲ್ಲ, ಆ ಬೆರಳುಗಳು ನಮ್ಮೂರಿನವು" ಎಂದೆ. ಅವರು ಕಾಫಿ ಲೋಟವನ್ನು ಕಸದ ಡಬ್ಬಿಗೆ ಹಾಕಿ, ಕ್ಷಮಿಸಿ ಎಂದು ಹೇಳಿ ಹೊರಟುಹೋದರು.

ಮಧ್ಯಾಹ್ನ ನನ್ನ ಐದು ನಿಮಿಷ ಬಂತು. ವೇದಿಕೆ ಹತ್ತುತ್ತಲೇ ಇಬ್ಬರು ಶಾಲು, ಹಣ್ಣಿನ ಬುಟ್ಟಿ ಹಿಡಿದು ಬಂದರು. ಹಳ್ಳಿಯಿಂದ ಬಂದ ಸಾಧಕಿ ಎಂದು ಮೈಕಿನಲ್ಲಿ ಹೇಳುತ್ತಿದ್ದರು. ನಾನು ಎರಡು ಹೆಜ್ಜೆ ಹಿಂದೆ ಸರಿದು ಬಂಗಾರದ ಕುರ್ಚಿಗೆ ತಾಗಿಕೊಂಡು ನಿಂತೆ. ಶಾಲು ಹೊದಿಸಿಕೊಂಡವಳು ಆಮೇಲೆ ಜಗಳ ಆಡುವುದಕ್ಕಾಗುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಮೈಕು ತೆಗೆದುಕೊಂಡು ಹೇಳಿದೆ: "ಶಾಲು ಬೇಡ. ನಾಲ್ಕು ವರ್ಷ ನಿಮ್ಮ ಗದ್ದೆಯಲ್ಲಿ ನಾಟಿ ಹಾಕಿದ್ದೀನಿ. ನಾಳೆ ನನ್ನ ಗದ್ದೆ ನಾಟಿ. ಎಲ್ಲರೂ ಬನ್ನಿ." ಪಾಂಡವಪುರದ ಹೆಣ್ಣುಮಗಳು ಅದನ್ನು ಇಂಗ್ಲಿಷಿಗೆ ಹೇಳಿದಳು. ಇಡೀ ಮಂಟಪ ಎದ್ದು ನಿಂತು ಚಪ್ಪಾಳೆ ತಟ್ಟಿತು. ಒಬ್ಬರಂತೂ ಕೆಳಗಿಳಿದ ಮೇಲೆ ಕೈಕುಲುಕಿ, ಎಂಥಾ ಸೊಗಸಾದ ಹೋಲಿಕೆ ಎಂದರು. ನಾನು ಹೋಲಿಕೆ ಹೇಳಿರಲಿಲ್ಲ, ಕರೆದಿದ್ದೆ. ನನ್ನ ಜೀವನದಲ್ಲಿ ಅಷ್ಟು ಜನ ನನಗೆ ಚಪ್ಪಾಳೆ ತಟ್ಟಿದ್ದೂ ಅದೇ ಮೊದಲು, ಚಪ್ಪಾಳೆ ಕೇಳಿ ಅಳು ಬಂದದ್ದೂ ಅದೇ ಮೊದಲು.

ಸಂಜೆ ಬಸ್ಸಿನಲ್ಲಿ ಊರು ತಲುಪುವವರೆಗೂ ನಾಳೆ ಹೋಗುವುದು ಬೇಡ ಎಂದೇ ಅಂದುಕೊಂಡಿದ್ದೆ. ಮನೆಗೆ ಬಂದರೆ ಜಗಲಿಯ ಮೇಲೆ ನೀರುಗಂಟಿ ತಾತ ಕಾಲು ನೀಡಿಕೊಂಡು ಕೂತಿದ್ದರು. ಪಕ್ಕದಲ್ಲಿ ನಮ್ಮತ್ತೆ ಅವರೆಕಾಯಿ ಸುಲಿಯುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅತ್ತೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನಾಳೀಕೆ ಊಟ ಯಾರ್ದು?" ಎಂದರು.

"ಅವರೇ ಕೊಡ್ತಾರೆ ಅತ್ತೆ. ಕಂಟ್ರಾಕ್ಟು ಕೊಟ್ಟವ್ರೆ."

"ಅಂಗಾರೆ ಅದು ಅವರ ಗದ್ದೆ ಕೆಲ್ಸ ಕನಮ್ಮಿ. ಅವರ ಅನ್ನ ಉಂಡ್ಕಂಡು ನಿನ್ ಗದ್ದೆಗೆ ಯಾಕ್ ಬತ್ತಾರೆ? ಕರೆಯೋದ್ ಕರೆದುಬುಟ್ಟು ಹಿಟ್ಟು ಬೇಯಿಸ್ದೆ ಕೂತಿದ್ರೆ ಯಾವೋಳ್ ಬಂದಾಳು?"

ಈಗ ಕೂತು ಯೋಚಿಸಿದರೆ ಇದು ನಮ್ಮ ಕಡೆಯವರು ಮಾತ್ರ ಮಾಡಬಹುದಾದ ತಪ್ಪು ಅನ್ನಿಸುತ್ತದೆ. ಆ ಸಮ್ಮೇಳನದಲ್ಲಿ ಯಾರು ಊಟ ಕೊಟ್ಟರು ಅನ್ನುವುದಕ್ಕೂ ಯಾರ ಕೆಲಸ ಆಗುತ್ತದೆ ಅನ್ನುವುದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆದರೆ ಆ ಜಗಲಿಯ ಮೇಲೆ ಅತ್ತೆಯ ಮಾತು ನನಗೆ ಸೂರ್ಯ ಹುಟ್ಟುವಷ್ಟು ನಿಜವಾಗಿ ಕೇಳಿಸಿತು. ಛೆ, ನಾನೇ ಕಟ್ಟಳೆ ತಪ್ಪಿದೆನಲ್ಲ ಎಂದು ತಲೆ ಚಚ್ಚಿಕೊಂಡೆ.

ತಾತ ಒಳಜೇಬಿನಿಂದ ಫೋನು ತೆಗೆದು ನನ್ನ ಕೈಗಿಟ್ಟರು. "ಇದ್ನೂ ತಕ್ಕಂಡೋಗವ್ವ. ನಾಟಿಗೆ ಕರೆದ್ಮೇಲೆ ಗದ್ದೆ ತೋರಿಸ್ಬೇಕಲ್ಲ" ಎಂದರು. ಆ ಫೋನನ್ನು ಅವರು ಮಗನ ಕೈಗೂ ಕೊಟ್ಟವರಲ್ಲ.

ಅತ್ತೆ ಕೋಳಿ ಕೂಗುವ ಮೊದಲೇ ಎದ್ದು ಒಲೆ ಹಚ್ಚಿದರು. ಇಪ್ಪತ್ತು ಮುದ್ದೆ, ಅವರೆಕಾಳಿನ ಉಪ್ಸಾರು, ಅದಕ್ಕೆ ಅರೆದ ಖಾರ. ಮುದ್ದೆಗಳನ್ನು ಬಾಳೆಲೆಯಲ್ಲಿ ಸುತ್ತಿ, ದೊಡ್ಡ ಹಾಟ್‌ಬಾಕ್ಸಿನಲ್ಲಿಟ್ಟು, ಮೇಲೆ ಹಳೇ ಸೀರೆ ಸುತ್ತಿ ಗಂಟು ಹಾಕಿಕೊಟ್ಟರು. ಬಸ್ಸಿನಲ್ಲಿ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಂಡಕ್ಟರು, "ಯಾರ್ ಮನೆ ಬೀಗ್ರೂಟನಕ್ಕ?" ಎಂದರು. ನಾಟಿಗೆ ಎಂದೆ. ಬಸ್ಸಿನ ಕಿಟಕಿಯಾಚೆ ಗದ್ದೆಗಳೆಲ್ಲ ಹಸಿರಾಗಿ ನಿಂತಿದ್ದವು, ನಾಟಿಯ ಕಾಲ ಎಂದೋ ಮುಗಿದಿತ್ತು. ಅವರು ಚೀಟಿ ಹರಿದು ಕೊಟ್ಟು ಮುಂದೆ ಹೋದರು.

ಮಂಟಪದ ಗೇಟಿನಲ್ಲಿ ಕಾವಲಿನವರು ತಡೆದರು. "ಆಚೆ ಊಟ ಒಳಕ್ ಬುಡಂಗಿಲ್ಲ ಕಣಕ್ಕ. ಅಡುಗೆ ಕಂಟ್ರಾಕ್ಟ್ರು ನೋಡುದ್ರೆ ನನ್ ಕೆಲ್ಸಕ್ಕೇ ಕುತ್ತು."

"ಇದು ಬರೀ ಊಟ ಅಲ್ಲಣ್ಣ, ಮುಯ್ಯಾಳಿಂದು. ನಾನು ಕರೆದಿದ್ದೀನಿ, ನಾನೇ ಉಣ್ಣಿಸ್ಬೇಕು. ನೀನು ಬಿಡದಿದ್ರೆ ಇಲ್ಲೇ ಗೇಟಿಗೆ ಅಡ್ಡ ಕೂರ್ತೀನಿ, ಯಾರೂ ಒಳಗೆ ಹೋಗಲ್ಲ, ಯಾರೂ ಆಚೆ ಬರಲ್ಲ."

ಅವರು ಗಂಟನ್ನು ನೋಡಿದರು, ನನ್ನನ್ನು ನೋಡಿದರು. "ಯಾವೂರು?" ಎಂದರು. ಹೇಳಿದೆ. "ನಮ್ದು ನಾಗ್ಮಂಗಲ" ಎಂದು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಒಳಕ್ ಬುಡಬೇಡ ಅಂದವ್ರೆ. ಆಚೆ ಉಣ್ಣಿಸ್ಬೇಡ ಅಂತ ಯಾರೂ ಯೋಳಿಲ್ಲ ಬುಡು" ಎಂದು ಗೇಟಿನ ಹೊರಗಿದ್ದ ಹೊಂಗೆಮರ ತೋರಿಸಿದರು. ತಾವೇ ಒಳಗಿಂದ ಎರಡು ಜಮಖಾನ ತಂದು ಹಾಸಿದರು.

ಹತ್ತೂವರೆಗೆ ನಾನು ಒಳಗೆ ಹೋಗಿ, ಕಂಪ್ಯೂಟರ್ ಬಿಚ್ಚಿಕೊಂಡು ಕೂತಿದ್ದವರ ನಡುವೆ ನಿಂತು, ಊಟಕ್ಕೆ ಬನ್ನಿ ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಎದ್ದವಳು ಪಾಂಡವಪುರದ ಹೆಣ್ಣುಮಗಳು. "ಬಿಸಿ ಮುದ್ದೆ ವಾಸನೆ ಇಲ್ಲೀಗಂಟ ಬತ್ತಾ ಅದೆ ಅಕ್ಕ" ಎಂದವಳೇ ನನ್ನ ಕೈ ಹಿಡಿದು ಹೊರಗೆ ನಡೆದಳು. ಅವಳ ಹಿಂದೆ ನಾಲ್ಕು ಜನ, ಅವರ ಹಿಂದೆ ಇನ್ನೂ ಆರೇಳು ಜನ ಬಂದರು. ಪುಣೆಯವರು ಬಾಗಿಲಲ್ಲೇ ನಿಂತಿದ್ದರು. ನಾನು ಅವರ ಹತ್ತಿರವೇ ಎಲೆ ಹಿಡಿದುಕೊಂಡು ಹೋದೆ. ಎಲೆ ಚಾಚಿದವರಿಗೆ ಇಲ್ಲ ಎನ್ನುವುದು ಯಾವ ಊರಿನವರಿಗೂ ಕಷ್ಟ. ಬಂದು ಕೂತರು.

ಮುದ್ದೆಯನ್ನು ಅವರು ಅಗಿಯತೊಡಗಿದರು. ಅದು ಹಲ್ಲಿಗೆ ಅಂಟಿ ಬಾಯಿ ಬಿಡಲಾರದೆ ಕೂತರು. ಕಾವಲಿನವರು ಬಂದು ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, "ಇಂಗೆ ಸ್ವಾಮಿ, ನುಂಗ್ಬುಡಿ, ಹಲ್ ತಾಗಿಸ್ಬ್ಯಾಡಿ" ಎಂದು ನುಂಗಿ ತೋರಿಸಿದರು. ಪುಣೆಯವರು ಕಣ್ಣು ಮುಚ್ಚಿ ನುಂಗಿದರು. ಖಾರಕ್ಕೆ ಮೂಗು ಸೋರಿತು. ಇನ್ನೊಂದು ಮುದ್ದೆ ಕೇಳಿದರು.

ಎಲ್ಲರೂ ಕೈ ತೊಳೆದ ಮೇಲೆ ನಾನು ಕಟ್ಟಳೆ ಹೇಳಿದೆ. ಉಂಡದ್ದು ನನ್ನ ಮನೆಯ ಊಟ. ಆದ್ದರಿಂದ ಇವತ್ತಿನ ಕೆಲಸ ನನ್ನದು. ಗದ್ದೆ ಮುಗಿಯುವವರೆಗೆ ಯಾರೂ ಏಳುವಂತಿಲ್ಲ. ಉಂಡೆದ್ದೋದೋಳ ಕಥೆಯನ್ನೂ ಹೇಳಿದೆ. ಪಾಂಡವಪುರದವಳು ಇಂಗ್ಲಿಷಿಗೆ ಹೇಳುತ್ತಾ ಹೋದಳು. ಎಲ್ಲರೂ ನಕ್ಕರು. ಪುಣೆಯವರೂ ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ನಾನು ತಾತನ ಫೋನನ್ನು, ರಬ್ಬರ್ ಬ್ಯಾಂಡ್ ಸಮೇತ, ಜಮಖಾನದ ನಡುವೆ ಇಟ್ಟೆ.

"ಇದೇ ನನ್ನ ಗದ್ದೆ" ಎಂದೆ.

ಪುಣೆಯವರು ಅದನ್ನು ಕೈಗೆ ತೆಗೆದುಕೊಂಡರು. ಗಾಜಿನ ಮೇಲಿನ ಬಿರುಕಿನ ಮೇಲೆ ಬೆರಳಾಡಿಸಿದರು, ಅದರಲ್ಲಿ ಒಣಗಿದ ಕೆಸರಿತ್ತು. ಹೊಸ ಆವೃತ್ತಿಯ ಪುಟ ತೆರೆದರು. ಬೆಳ್ಳಗೆ ಕಂಡಿತು. ಅವರು ಇಂಥ ಫೋನುಗಳ ಬಗ್ಗೆ ಅಂಕಿಗಳನ್ನು ನೋಡಿದ್ದರೇ ಹೊರತು, ಫೋನು ಕೈಯಲ್ಲಿರುವಾಗ ಪುಟ ಬೆಳ್ಳಗಾಗುವುದನ್ನು ನೋಡಿರಲಿಲ್ಲವೆಂದು ಆಮೇಲೆ ತಾವೇ ಒಪ್ಪಿಕೊಂಡರು.

ಕೆಲಸ ಸುಲಭವಾಗಿರಲಿಲ್ಲ. ಊಟದ ಹಾಲಿನ ಉದ್ದ ಮೇಜಿಗೆ ಉಂಡವರೆಲ್ಲ ಒಟ್ಟಿಗೆ ಕೂತೆವು. ಫೋನು ಹಳೆಯದಾದರೆ ಅಲಂಕಾರವನ್ನೆಲ್ಲ ಬಿಟ್ಟು ಬರೀ ಪಟ್ಟಿ ತೋರಿಸಬೇಕು, ಆಗಬೇಕಾದದ್ದು ಇಷ್ಟೇ. ನಾನು ಬರೆದು ಕಳಿಸಿದ್ದ ತಿದ್ದುಪಡಿಯನ್ನೇ ತೆರೆದರು. ಅದರಲ್ಲಿ ತಪ್ಪಿದ್ದದ್ದು ಎರಡೇ ಕಡೆ. ಎರಡು ತಪ್ಪು ಹೇಳಿಕೊಡುವುದಕ್ಕೆ ನಿಮಗೆ ಮೂರು ತಿಂಗಳು ಬೇಕಾಯಿತೇ ಎಂದು ಕೇಳಿಯೇ ಬಿಟ್ಟೆ. ತಿದ್ದಿದರು, ಬೆಳ್ಳಗೇ ಕಂಡಿತು. ಮತ್ತೆ ತಿದ್ದಿದರು, ಈ ಸಲ ಪಟ್ಟಿ ಬಂದು ತಾರೀಕುಗಳೆಲ್ಲ ಒಂದರ ಮೇಲೊಂದು ಬಿದ್ದಿದ್ದವು. ಫೋನಿನ ಚಾರ್ಜು ಇಳಿಯಿತು, ಅದರ ಚಾರ್ಜರು ಯಾರ ಹತ್ತಿರವೂ ಇಲ್ಲ. ಕಾವಲಿನವರ ಫೋನೂ ಅದೇ ಜಾತಿಯದು, ಅವರದೇ ಚಾರ್ಜರು ತಂದುಕೊಟ್ಟರು. ಬೆರಳೆಣಿಕೆಯ ಜನರಲ್ಲಿ ಒಬ್ಬರು ನಿಮ್ಮ ಗೇಟಿನಲ್ಲೇ ನಿಂತಿದ್ದಾರೆ ನೋಡಿ ಎಂದೆ.

ನಾಲ್ಕೂಕಾಲಿಗೆ ಪಟ್ಟಿ ಬಂತು. ಅಂದ ಚೆಂದ ಏನೂ ಇಲ್ಲ, ಬರೀ ಗೆರೆ, ತಾರೀಕು, ಗದ್ದೆ. ಮೇಜಿನ ಸುತ್ತ ಇದ್ದವರೆಲ್ಲ ಕೂಗಿದರು. ಪುಣೆಯವರು ನನ್ನ ಕೈಕುಲುಕಿ, ಲ್ಯಾಪ್‌ಟಾಪ್ ಮುಚ್ಚಿ, ಚೀಲಕ್ಕೆ ಹಾಕಿಕೊಂಡರು. ಊರಿಗೆ ಹೋಗಿ ಪರಿಶೀಲಿಸಿ, ಇದರ ಮುಂದಿನ ಆವೃತ್ತಿಗೆ ಸೇರಿಸೋಣ ಎಂದರು. ಅಂದರೆ ಆರು ತಿಂಗಳು. ಬರುವ ತಿಂಗಳು ಪುಟ ಬೆಳ್ಳಗಾಗುತ್ತದೆ, ಆರು ತಿಂಗಳು ಮೇಲುಗದ್ದೆಯವರ ಪಟ್ಟಿಯೇ ಪಟ್ಟಿ. ತಾತ ಸವೆದ ಮಂಡಿಯಲ್ಲಿ ಮನೆಮನೆ ತಿರುಗಬೇಕು, ಇಲ್ಲವೇ ನೀರುಗಂಟಿಕೆ ಬಿಡಬೇಕು.

"ಇನ್ನೊಂದು ತಾಕು ಉಳಿದಿದೆ" ಎಂದೆ.

ಅವರು ಬಾಗಿಲ ಕಡೆ ನೋಡಿದರು. ಬೆಂಗಳೂರಿನ ವಿಮಾನಕ್ಕೆ ಕಾರು ಬಂದು ನಿಂತಿತ್ತು. ಇಬ್ಬರು ಓದಿ ಒಪ್ಪದೆ ಯಾವುದನ್ನೂ ಸೇರಿಸುವಂತಿಲ್ಲ, ಅದು ನಮ್ಮ ಕಟ್ಟಳೆ ಎಂದರು. ಸರಿ, ನಿಮ್ಮ ಕಟ್ಟಳೆ ನಿಮಗೆ ಇರಲಿ, ನಾನು ಅದನ್ನು ಮುರಿಯುವುದಿಲ್ಲ, ನೀವೂ ನನ್ನದನ್ನು ಮುರಿಯಬೇಡಿ ಎಂದೆ. ಮೂರು ಸಲ ಮುಚ್ಚಿಸಿಕೊಂಡವಳು ನಾಲ್ಕನೇ ಸಲಕ್ಕೆ ತಯಾರಿರಲಿಲ್ಲ. ಪಾಂಡವಪುರದ ಹೆಣ್ಣುಮಗಳು ಕುರ್ಚಿ ಎಳೆದುಕೊಂಡು ಕೂತು, "ಒಬ್ಬಳು ನಾನು ಓದ್ತೀನಿ, ನನಗೆ ಆ ಹಕ್ಕಿದೆ. ಇನ್ನೊಬ್ಬರು ನೀವು" ಎಂದಳು. ಪುಣೆಯವರು ಚೀಲ ಹೆಗಲಿಗೆ ಹಾಕಿಕೊಂಡರು. ಆಮೇಲೆ ಕೆಳಗಿಟ್ಟು, ಡ್ರೈವರಿಗೆ ಫೋನು ಮಾಡಿ ಕಾಯಲು ಹೇಳಿದರು. ಪ್ರತಿ ಸಾಲನ್ನೂ ಓದಿದರು. ಒಂದು ಕಡೆ ನನ್ನಿಂದಲೇ ತಿದ್ದಿಸಿದರು. ಐದೂವರೆಗೆ ಅದು ಹೊಸ ಆವೃತ್ತಿಗೆ ಸೇರಿತು. ಏಳುವಾಗ ಅವರು, ನನ್ನನ್ನು ಇನ್ನು 'ಉಂಡೆದ್ದೋದೋನು' ಎಂದು ಕರೆಯುವುದಿಲ್ಲ ತಾನೆ ಎಂದು ಕೇಳಿದರು.

ನಮ್ಮೂರಿಗೆ ತಿರುಗುವ ಗೇಟಿನಲ್ಲಿ ಬಸ್ಸಿಳಿದಾಗ ತಾತ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದರು. ಅಷ್ಟು ದೂರ ಹೇಗೆ ನಡೆದು ಬಂದರೋ. ಫೋನು ಕೊಟ್ಟು ಪುಟ ತೆರೆದು ತೋರಿಸಲು ಹೋದೆ. ಅವರು ಅದರ ಕಡೆ ನೋಡಲೂ ಇಲ್ಲ.

"ಉಂಡ್ರಾ?" ಎಂದರು.

"ಉಂಡ್ರು ತಾತ. ಒಬ್ರಂತೂ ಎಲ್ಡು ಮುದ್ದೆ."

"ಅಂಗಾರೆ ಬುಡು. ಕೆಲ್ಸ ಆಗಿರ್ತದೆ" ಎಂದು ಫೋನನ್ನು ಒಳಜೇಬಿಗೆ ಹಾಕಿಕೊಂಡರು.

ಮುಂದಿನ ತಿಂಗಳು ಹೊಸ ಆವೃತ್ತಿ ಬಂತು. ಅದರ ಮುಂದಿನ ಗುರುವಾರ ಕಡೇಗದ್ದೆಯ ಸರದಿ. ಬೆಳಗ್ಗೆ ನಾನೂ ಕಾಲುವೆಯ ಏರಿಗೆ ಹೋದೆ. ಮೇಲುಗದ್ದೆಯ ಯಜಮಾನರು ಆಗಲೇ ಕಾಲುವೆಗೆ ಅಡ್ಡ ಮಣ್ಣು ಹಾಕಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಏನ್ಲಾ, ನಿನ್ ಲಿಸ್ಟು ಇನ್ಮೇಲೆ ಬರಕಿಲ್ವಂತೆ?" ಎಂದು ತಾತನನ್ನು ನೋಡಿ ನಕ್ಕರು. ತಾತ ರಬ್ಬರ್ ಬ್ಯಾಂಡ್ ಸರಿಸಿ, ಹೆಬ್ಬೆರಳು ಒತ್ತಿ, ಫೋನನ್ನು ಅವರ ಮುಖದ ಮುಂದೆ ಹಿಡಿದರು.

"ಓದಿ ಯಜಮಾನ್ರೇ. ಗಟ್ಟಿಯಾಗ್ ಓದಿ, ಎಲ್ರಿಗೂ ಕೇಳ್ಲಿ."

ಯಜಮಾನರು ಓದಲಿಲ್ಲ. ಅವರ ಆಳು ಗುದ್ದಲಿ ತೆಗೆದುಕೊಂಡು ಮಣ್ಣು ಬಿಡಿಸಿದ. ನೀರು ಕಡೇಗದ್ದೆಯ ಕಡೆಗೆ ಹೊರಟಿತು. ತಾತ ಅದರ ಜೊತೆಜೊತೆಗೇ ಏರಿಯ ಮೇಲೆ ಕುಂಟಿಕೊಂಡು ನಡೆದರು, ಪಕ್ಕದಲ್ಲಿ ನಾನು. ಅರ್ಧ ದಾರಿಯಲ್ಲಿ ನಿಂತು ಕೇಳಿದರು.

"ಆ ಗಡ್ಡದಯ್ಯನ ಗದ್ದೆ ನಾಟಿ ಯಾವಾಗವ್ವ?"

"ಯಾಕೆ ತಾತ?"

"ಯಾಕೆ ಅಂದ್ರೆ? ಮುಯ್ಯಿ ತೀರ್ಸಬ್ಯಾಡ್ವಾ? ನೀನ್ ಹೊಂಟಾಗ ಯೋಳು, ನಾನೂ ಬತ್ತೀನಿ."

ಅದನ್ನು ನಾನು ಹಾಗೆಯೇ ಪುಣೆಗೆ ಬರೆದು ಕಳಿಸಿದೆ. ಎರಡು ದಿನ ಉತ್ತರವಿಲ್ಲ. ಮೂರನೇ ದಿನ ಬಂತು: ನನ್ನ ಗದ್ದೆ ಮುಂದಿನ ಸೋಮವಾರ, ಅವರನ್ನು ಕರೆತನ್ನಿ.

ಆ ಸೋಮವಾರ ತಾತ ಮಡಿ ಪಂಚೆ ಉಟ್ಟು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಪುಣೆಯವರು ಹೊಸ ತಿದ್ದುಪಡಿ ಕಳಿಸಿದ ಹಾಗೆಲ್ಲ ತಮ್ಮ ಫೋನಿನಲ್ಲಿ ತೆರೆದು ನೋಡಿದರು. ಬಂದರೆ "ಬಂತು" ಎಂದರು, ಬೆಳ್ಳಗಾದರೆ "ಇಲ್ಲ, ವಾಪಸ್ ಕಳ್ಸು" ಎಂದರು. ನಾನು ಅದನ್ನು ಇಂಗ್ಲಿಷಿಗೆ ಮಾಡಿ ಬರೆದೆ. ಮಧ್ಯಾಹ್ನದ ಊಟಕ್ಕೆ ಪುಣೆಯವರು ಪೇಟೆಯ ಹೋಟೆಲಿನಿಂದ ಎರಡು ಊಟ ಹೇಳಿ ಕಳಿಸಿದ್ದರು, ಕಟ್ಟಳೆ ಮರೆತಿರಲಿಲ್ಲ. ತಾತ ಉಂಡು, ಸಂಜೆ ಕೊನೆಯದು ಮುಗಿಯುವವರೆಗೂ ಸ್ಟೂಲು ಬಿಟ್ಟು ಏಳಲಿಲ್ಲ.

ಈಗ ಆ ಪ್ಲಗಿನ್ನಿನ ಪುಟದಲ್ಲಿ, ಕೆಲಸ ಮಾಡಿದವರ ಸಾಲಿನಲ್ಲಿ, ನಮ್ಮೂರ ನೀರುಗಂಟಿಯ ಹೆಸರೂ ಇದೆ. ಹೊಸ ಆವೃತ್ತಿ ತಯಾರಾದಾಗಲೆಲ್ಲ ಪುಣೆಯಿಂದ ನನಗೊಂದು ಮೆಸೇಜು ಬರುತ್ತದೆ. ತಾತ ಕೆರೆಯ ಹತ್ತಿರ ಇದ್ದರೆ ಅವರು ಕಾಯುತ್ತಾರೆ. ತಾತ ನೋಡಿ ಹೂಂ ಅನ್ನುವವರೆಗೆ ಅವರು ಅದನ್ನು ಬಿಡುವುದಿಲ್ಲ.